ಸೀಲಿಂಗ್ ಲೈಟ್ ನೀವೇ ಬದಲಿಸುವುದಾದರೆ: ಕರೆಂಟ್ ನಿಜಕ್ಕೂ ಹೋಗಿದೆಯಾ ಮೊದಲು ನೋಡಿ

ಹಾಲಿನ ಲೈಟ್ ಕೆಟ್ಟಿದೆ, ಹೊಸ ಎಲ್‌ಇಡಿ ಪ್ಯಾನೆಲ್ ತಂದಿಟ್ಟಾಗಿದೆ, ಇಷ್ಟು ಸಣ್ಣ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಇವತ್ತು ನಾಳೆ ಅನ್ನುತ್ತಾನೆ. ನಾವೇ ಹಾಕಿಕೊಳ್ಳಬಹುದಾ? ಸ್ವಿಚ್ ಆಫ್ ಮಾಡಿದರೆ ಸಾಕಲ್ವಾ? ಓದುಗರು ಮತ್ತೆ ಮತ್ತೆ ಕೇಳುವುದು ಈ ಎರಡೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ: ಹಳೆಯದು ಇದ್ದ ಜಾಗದಲ್ಲೇ ಹೊಸದು ಹಾಕುವುದಾದರೆ ಹಾಕಿಕೊಳ್ಳಬಹುದು. ಎರಡನೆಯದಕ್ಕೆ: ಸಾಲದು. ಈ ಲೇಖನದ ಅರ್ಧ ಭಾಗ ಆ "ಸಾಲದು" ಅನ್ನುವುದರ ಬಗ್ಗೆಯೇ ಇದೆ. ಯಾಕೆಂದರೆ ವೈರ್ ಜೋಡಿಸುವುದು ಕಷ್ಟವಲ್ಲ. ಆ ವೈರಿನಲ್ಲಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದೇ ನಿಜವಾದ ಕೆಲಸ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇದು ಸ್ಪಷ್ಟವಾಗಿತ್ತು. ಇದ್ದ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ಚುಗಳನ್ನು ಅದೇ ರೀತಿಯದರಿಂದ ಬದಲಿಸಬಹುದು. ಅದಕ್ಕಿಂತ ಹೆಚ್ಚಿನ ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ಹಾಗಾಗಿ ಹೊಸ ಪಾಯಿಂಟ್ ಎಳೆಯುವುದು, ಒಂದು ಲೈಟಿದ್ದ ಕಡೆ ನಾಲ್ಕು ಮಾಡುವುದು, ಲೈಟ್ ಪಾಯಿಂಟಿನಿಂದ ಪ್ಲಗ್ ತೆಗೆಯುವುದು ಇವೆಲ್ಲ ಈ ಲೇಖನದ ಆಚೆಗಿನ ಮಾತು.

ಲೈಟ್ ಚಿಕ್ಕದು, ಅಪಾಯ ಚಿಕ್ಕದಲ್ಲ

18 ವ್ಯಾಟ್‌ನ ಪ್ಯಾನೆಲ್ ನಮ್ಮ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 0.08 ಆಂಪಿಯರ್. ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಅದು ಬೀಳುವುದು 0.03 ಆಂಪಿಯರ್‌ಗೆ, ಅಂದರೆ 30 ಮಿಲಿ ಆಂಪಿಯರ್‌ಗೆ. ಮನುಷ್ಯನಿಗೆ ಅಷ್ಟೇ ಕರೆಂಟ್ ಅಪಾಯ ಅಂತಲೇ ಆ ಮಿತಿ. ನಿಮ್ಮ ಪುಟ್ಟ ಲೈಟಿಗೆ ಬೇಕಾದ ಕರೆಂಟಿನ ಅರ್ಧವೂ ಅಲ್ಲ ಅದು. ಲೈಟ್ ಸಾಲಿನ ಎಂಸಿಬಿಯೋ 6 ಅಥವಾ 10 ಆಂಪಿಯರ್‌ನದು. ವೈರ್ ಬಿಸಿಯಾಗಿ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈ ಎರಡನ್ನೂ ತುಂಬ ಜನ ಒಂದೇ ಅಂದುಕೊಂಡಿದ್ದಾರೆ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಬೀಳುವ ಸ್ವಿಚ್. ಆರ್‌ಸಿಸಿಬಿ ಅಂದರೆ ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಬೇರೆಲ್ಲೋ ಸೋರಿದರೆ, ನಿಮ್ಮ ಮೈ ಮೂಲಕ ನೆಲಕ್ಕೆ ಇಳಿದರೂ ಸೇರಿ, ಬೀಳುವ ಸ್ವಿಚ್. ಅದರ ಮೇಲೆ "ಟೆಸ್ಟ್" ಅಂತ ಒಂದು ಚಿಕ್ಕ ಬಟನ್ ಇರುತ್ತದೆ. ಒತ್ತಿ ನೋಡಿ, ತಕ್ಷಣ ಬೀಳಬೇಕು. ಬೀಳದಿದ್ದರೆ ಲೈಟಿಗಿಂತ ಮೊದಲು ಅದನ್ನು ಬದಲಿಸಿ. ಹಾಗಂತ ಅದನ್ನೇ ನಂಬಿ ಕೂರಬೇಡಿ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿ ಕಣ್ಣಿಗೆ ನೀವೂ ಒಂದು ಬಲ್ಬೇ. ಅದು ಬೀಳುವುದಿಲ್ಲ.

ಮುಂದೆ ಪದೇ ಪದೇ ಬರುವ ಮೂರು ಮಾತು: ಫೇಸ್ ಅಂದರೆ ಕರೆಂಟ್ ಬರುವ ವೈರ್. ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರ್. ಅರ್ಥ್ ಅಂದರೆ ಲೋಹದ ಮೈಗೆ ಕರೆಂಟ್ ತಗುಲಿದರೆ ಅದನ್ನು ನೆಲಕ್ಕೆ ಇಳಿಸುವ ವೈರ್.

ಏನೇನು ಬೇಕು

ಟೆಸ್ಟರ್, ಒಂದು ಸಾಧಾರಣ ಮಲ್ಟಿಮೀಟರ್, ಹಿಡಿಕೆಗೆ ಇನ್ಸುಲೇಷನ್ ಇರುವ ಸ್ಕ್ರೂಡ್ರೈವರ್ ಮತ್ತು ಕಟಿಂಗ್ ಪ್ಲೇಯರ್, ವೈರ್ ಸ್ಟ್ರಿಪ್ಪರ್, ಕನೆಕ್ಟರ್‌ಗಳು (ವೈರಿನ ತುದಿಗಳನ್ನು ಒಳಗೆ ಹಾಕಿ ಸೇರಿಸುವ ಸಣ್ಣ ಪ್ಲಾಸ್ಟಿಕ್ ತುಂಡುಗಳು), ಟಾರ್ಚ್. ಏಣಿ ಮರದ್ದೋ ಫೈಬರ್‌ದೋ ಆಗಿರಲಿ, ಅಲ್ಯೂಮಿನಿಯಂ ಬೇಡ. ಪ್ಲಾಸ್ಟಿಕ್ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತುವವರಿದ್ದಾರೆ. ಸಣ್ಣ ಶಾಕ್ ಹೊಡೆದು, ಬೆಚ್ಚಿ ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೆಯೇ. ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಉಂಗುರ, ಬಳೆ, ಸರ, ವಾಚ್ ತೆಗೆದಿಡಿ. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಲಿ. ಮೇನ್ ಆಫ್ ಮಾಡುವುದರಿಂದ ಬೆಳಕಿಗಾಗಿ ಹಗಲಲ್ಲೇ ಮಾಡಿ.

ಲೈಟ್ ಕೊಳ್ಳುವಾಗ ಡಬ್ಬದ ಮೇಲೆ ಬಿಐಎಸ್ ಗುರುತು ಇದೆಯಾ ನೋಡಿ. ಮೇಲೆ ಅರ್ಥ್ ವೈರ್ ಇಲ್ಲದ ಹಳೆ ಮನೆಯಾದರೆ ಪ್ಲಾಸ್ಟಿಕ್ ಮೈಯ, ಚೌಕದೊಳಗೆ ಚೌಕ ಇರುವ ಗುರುತಿನ ಲೈಟನ್ನೇ ತನ್ನಿ. ಎರಡು ಪದರದ ಇನ್ಸುಲೇಷನ್ ಇದೆ, ಅರ್ಥ್ ಬೇಕಿಲ್ಲ ಅಂತ ಅದರ ಅರ್ಥ. ಲೋಹದ ಮೈಯ ಲೈಟಿಗೆ ಅರ್ಥ್ ಬೇಕೇ ಬೇಕು. ಬಚ್ಚಲುಮನೆಗಾದರೆ ಐಪಿ44 (ನೀರು ಸಿಡಿದರೂ ತೊಂದರೆ ಇಲ್ಲ ಅನ್ನುವ ಗುರುತು) ಅಥವಾ ಅದಕ್ಕೂ ಮೇಲಿನದು ಇರಲಿ.

ಹಂತ 1: ಕರೆಂಟ್ ಬರುವ ದಾರಿಗಳನ್ನೆಲ್ಲ ಮುಚ್ಚಿ

ಗೋಡೆಯ ಸ್ವಿಚ್ ಆಫ್ ಮಾಡಿದರೆ ಯಾಕೆ ಸಾಲದು? ಸ್ವಿಚ್ ಇರಬೇಕಾದ್ದು ಫೇಸ್ ವೈರಿನಲ್ಲಿ. ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಯಾರೋ ಎಂದೋ ಅದಲು ಬದಲು ಮಾಡಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಮಾಡಿದರೆ ಲೈಟ್ ಆರುತ್ತದೆ, ಆದರೆ ಮೇಲಿನ ಹೋಲ್ಡರ್‌ನಲ್ಲಿ ಪೂರ್ತಿ 230 ವೋಲ್ಟ್ ನಿಂತೇ ಇರುತ್ತದೆ. ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ಇದೂ ಒಂದು ಕಾರಣ ಇರಬಹುದು.

ಇನ್ನು ಇನ್ವರ್ಟರ್, ಅಂದರೆ ನಾವು ಯುಪಿಎಸ್ ಅನ್ನುವ ಬ್ಯಾಟರಿ ಪೆಟ್ಟಿಗೆ. ನಮ್ಮ ಮನೆಗಳಲ್ಲಿ ಅತಿ ದೊಡ್ಡ ಅಪಾಯ ಇದೇ. ನೀವು ಮೇನ್ ಆಫ್ ಮಾಡಿದ ತಕ್ಷಣ ಇನ್ವರ್ಟರ್ ಏನು ಮಾಡುತ್ತದೆ? ಕರೆಂಟ್ ಹೋಯಿತು ಅಂದುಕೊಂಡು ತನ್ನ ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಲೈಟ್ ಸಾಲಿಗೆ ಕೊಡುತ್ತದೆ. ಅದನ್ನು ತಂದಿದ್ದೇ ಅದಕ್ಕೆ. ಮೇನ್ ಆಫ್ ಮಾಡಿದ್ದೀನಿ ಅಂತ ಧೈರ್ಯವಾಗಿ ವೈರ್ ಹಿಡಿಯುವವರಿಗೆ ಅದು ಪೂರ್ತಿ ಶಾಕ್ ಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಸಾಲು ಆರ್‌ಸಿಸಿಬಿಯ ಆಚೆ ಇರುವುದರಿಂದ ಅದರ ಕಾವಲೂ ಇರುವುದಿಲ್ಲ. ಇನ್ವರ್ಟರಿನ ಮುಂದಿನ ಬಟನ್ ಮಾತ್ರ ಆಫ್ ಮಾಡಿದರೂ ಆಗದು. ಲೈನ್ ಕರೆಂಟ್ ಇದ್ದರೆ ಅದು ಇನ್ವರ್ಟರ್ ಒಳಗಿಂದ ಹಾಗೇ ಹಾದು ಲೈಟ್ ಸಾಲಿಗೆ ಹೋಗುತ್ತಿರುತ್ತದೆ.

ಹಾಗಾಗಿ ಈ ಕ್ರಮದಲ್ಲಿ ಮಾಡಿ. ಇನ್ವರ್ಟರಿನ ಮುಂದಿನ ಸ್ವಿಚ್ ಆಫ್ ಮಾಡಿ. ಅದರ ಪ್ಲಗ್ಗನ್ನು ಗೋಡೆಯಿಂದ ಎಳೆದು ತೆಗೆಯಿರಿ. ಆಮೇಲೆ ಡಿಬಿಯಲ್ಲಿ, ಅಂದರೆ ಎಂಸಿಬಿಗಳ ಪೆಟ್ಟಿಗೆಯಲ್ಲಿ, ಲೈಟ್ ಸಾಲಿನ ಎಂಸಿಬಿ ಇಳಿಸಿ. ಮೇನ್ ಅನ್ನು ಇನ್ನೂ ಮುಟ್ಟಬೇಡಿ, ಬೇರೆ ರೂಮಿನ ಒಂದು ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇರಲಿ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ. ಹಳೆಯ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್ ಇರುವ ಮನೆಯಾದರೆ ಮೇನ್ ಇಳಿಸಿ, ಲೈಟಿನ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಮತ್ತೆ ಮೇನ್ ಏರಿಸಿ. ಇಡೀ ಮನೆಗೆ ಒಂದೇ ಎಂಸಿಬಿ ಇದ್ದರೆ, ಅಥವಾ ಇನ್ವರ್ಟರಿಗೆ ಪ್ಲಗ್ ಇಲ್ಲದೆ ನೇರ ವೈರ್ ಕೊಟ್ಟಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮನೆ ಮೇಲೆ ಬ್ಯಾಟರಿ ಇರುವ ಸೋಲಾರ್ ಇದ್ದರೂ ಅಷ್ಟೇ.

"ಹೇಗೂ ಕರೆಂಟ್ ಹೋಗಿದೆ ಅಲ್ವಾ, ಈಗಲೇ ಮಾಡಿಬಿಡೋಣ" ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಎಸ್ಕಾಂನವರು ಸಂಜೆ 5ರವರೆಗೆ ಕರೆಂಟ್ ಇಲ್ಲ ಅಂತ ಪ್ರಕಟಣೆ ಕೊಟ್ಟಿರಬಹುದು. ಕೆಲಸ ಬೇಗ ಮುಗಿದರೆ 3 ಗಂಟೆಗೇ ಬರುತ್ತದೆ. ಅಪಾರ್ಟ್‌ಮೆಂಟಿನ ಜನರೇಟರ್ ಅಂತೂ ಯಾರಿಗೂ ಹೇಳಿ ಶುರುವಾಗುವುದಿಲ್ಲ.

ಎಂಸಿಬಿ ಮೇಲೆ ಟೇಪ್ ಅಂಟಿಸಿ "ಮೇಲೆ ಕೆಲಸ ನಡೀತಿದೆ, ಹಾಕಬೇಡಿ" ಅಂತ ಚೀಟಿ ಹಚ್ಚಿ. ಮನೆಯವರಿಗೆಲ್ಲ ಬಾಯಲ್ಲೂ ಹೇಳಿ. ಫ್ಯಾನ್ ಯಾಕೆ ಆಫ್ ಆಯ್ತು ಅಂತ ಅಜ್ಜಿ ಹೋಗಿ ಎಂಸಿಬಿ ಏರಿಸಿದರೆ ಅವರ ತಪ್ಪಲ್ಲ.

ಹಂತ 2: ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಮೊದಲು ಟೆಸ್ಟರ್ ಮತ್ತು ಮೀಟರ್ ಎರಡನ್ನೂ ಕರೆಂಟ್ ಇರುವ ಆ ಪ್ಲಗ್ ಪಾಯಿಂಟಿನಲ್ಲಿ ಪರೀಕ್ಷಿಸಿ. ಆಮೇಲೆ ಮೇಲೆ ಹತ್ತಿ, ಹಳೆ ಲೈಟಿನ ಮುಚ್ಚಳವನ್ನು ಮಾತ್ರ ಬಿಚ್ಚಿ, ವೈರುಗಳನ್ನು ಕೈಯಲ್ಲಿ ಮುಟ್ಟದೆ ಟರ್ಮಿನಲ್‌ನಲ್ಲೇ ನೋಡಿ. ಕೊನೆಗೆ ಕೆಳಗಿಳಿದು ಮತ್ತೆ ಅದೇ ಪ್ಲಗ್ಗಿನಲ್ಲಿ ಪರೀಕ್ಷಿಸಿ. ಮೊದಲೂ ಕೊನೆಗೂ ಸರಿಯಾಗಿ ತೋರಿಸಿದರೆ ಮಾತ್ರ ನಡುವೆ ಅದು "ಇಲ್ಲ" ಅಂದದ್ದನ್ನು ನಂಬಬಹುದು. ಮಧ್ಯದಲ್ಲಿ ಟೆಸ್ಟರ್ ಕೆಟ್ಟಿದ್ದರೂ ಅದು "ಕರೆಂಟ್ ಇಲ್ಲ" ಅಂತಲೇ ಹೇಳುತ್ತದೆ.

ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಉರಿಯುವುದು ನಿಮ್ಮ ಮೈ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ. ನೀವು ನೆಲದ ಮೇಲೆ ನಿಂತಾಗ ಚೆನ್ನಾಗಿ ಉರಿಯುತ್ತದೆ. ಅದೇ ಫೈಬರ್ ಏಣಿ ಮೇಲೆ, ರಬ್ಬರ್ ಚಪ್ಪಲಿ ಹಾಕಿ, ಹಗಲು ಬೆಳಕಿನಲ್ಲಿ ನಿಂತರೆ ಆ ಕೆಂಪು ಬೆಳಕು ಕಣ್ಣಿಗೆ ಕಾಣದಷ್ಟು ಮಂಕಾಗಬಹುದು. ಸುರಕ್ಷಿತವಾಗಿರಲಿ ಅಂತ ನೀವು ಮಾಡಿಕೊಂಡ ಏರ್ಪಾಡೇ ಟೆಸ್ಟರನ್ನು ಮೋಸಗೊಳಿಸುತ್ತದೆ. ಅದಕ್ಕೇ ಮಲ್ಟಿಮೀಟರ್ ಬೇಕು. ಅದನ್ನು ಎಸಿ ವೋಲ್ಟ್‌ನ ಅತಿ ದೊಡ್ಡ ಅಳತೆಗೆ ತಿರುಗಿಸಿ. ಎರಡು ವೈರುಗಳ ನಡುವೆ ನೋಡಿ, ಅರ್ಥ್ ಇದ್ದರೆ ಒಂದೊಂದು ವೈರಿಗೂ ಅರ್ಥ್‌ಗೂ ನಡುವೆ ನೋಡಿ. ಗೋಡೆಯ ಸ್ವಿಚ್ ಒಮ್ಮೆ ಆನ್, ಒಮ್ಮೆ ಆಫ್ ಮಾಡಿಸಿ ಎರಡೂ ಸಲ ನೋಡಿ. ಎಲ್ಲದರಲ್ಲೂ ಸೊನ್ನೆ ಅಥವಾ ಒಂದೆರಡು ವೋಲ್ಟ್ ಮಾತ್ರ ಇರಬೇಕು.

20, 40, 60 ವೋಲ್ಟ್ ತೋರಿಸಿದರೆ? ಪಕ್ಕದ ವೈರಿನ ಪ್ರಭಾವದಿಂದ ಡಿಜಿಟಲ್ ಮೀಟರ್ ಹಾಗೆ ಸುಳ್ಳು ತೋರಿಸುವುದುಂಟು. ಆದರೆ ಸುಳ್ಳೋ ನಿಜವೋ ಅಂತ ಊಹೆ ಮಾಡುವ ಜಾಗ ಇದಲ್ಲ. ಮೇನ್ ಆಫ್ ಮಾಡಿ ಮತ್ತೆ ನೋಡಿ. ಆಗಲೂ ಸೊನ್ನೆಗೆ ಇಳಿಯದಿದ್ದರೆ ಮುಚ್ಚಳ ಹಾಕಿ ಇಳಿಯಿರಿ, ಗೊತ್ತಿದ್ದವರನ್ನು ಕರೆಸಿ.

ಎಲ್ಲ ಸರಿ ಇದ್ದರೆ ಈಗ ಮೇನ್ ಕೂಡ ಇಳಿಸಿ. ಎಂಸಿಬಿ ಸಾಮಾನ್ಯವಾಗಿ ಫೇಸ್ ಒಂದನ್ನೇ ಕಡಿಯುತ್ತದೆ. ವೈರಿಂಗ್ ಮಾಡಿದವರು ಬೇರೆ ಸಾಲಿನ ನ್ಯೂಟ್ರಲ್ಲನ್ನು ಈ ಪಾಯಿಂಟಿಗೆ ಹಂಚಿದ್ದರೆ, ಅದನ್ನು ಬಿಚ್ಚಿದಾಗ ಆ ಸಾಲಿನ ಕರೆಂಟ್ ನಿಮ್ಮ ಕೈಗೆ ಬರಬಹುದು. ಮೇನ್ ಎರಡನ್ನೂ ಕಡಿಯುತ್ತದೆ.

ಹಂತ 3: ಹಳೆಯದನ್ನು ಇಳಿಸಿ

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಯಾವ ವೈರ್ ಯಾವ ಟರ್ಮಿನಲ್‌ನಲ್ಲಿತ್ತು ಅನ್ನುವುದು ಸ್ಪಷ್ಟವಾಗಿ ಕಾಣಬೇಕು. ಒಂದು ಕೈಯಲ್ಲಿ ಲೈಟ್ ಹಿಡಿದು ಇನ್ನೊಂದರಲ್ಲಿ ಬಿಚ್ಚಿ, ಹಳೆ ಲೈಟ್ ವೈರಿನಲ್ಲಿ ನೇತಾಡದಿರಲಿ.

ಮೇಲೆ ಸಾಮಾನ್ಯವಾಗಿ ಎರಡು ವೈರ್ ಸಿಗುತ್ತವೆ, ಹೊಸ ಮನೆಗಳಲ್ಲಿ ಮೂರು. ಒಂದೇ ಟರ್ಮಿನಲ್‌ಗೆ ಎರಡು ವೈರ್ ಸೇರಿದ್ದರೆ, ಅಲ್ಲಿಂದ ಇನ್ನೊಂದು ಪಾಯಿಂಟಿಗೆ ಹೋಗಿದೆ ಅಂತ. ಅವೆರಡನ್ನೂ ಬೇರೆ ಮಾಡದೆ ಜೊತೆಗೇ ಇಡಿ, ಇಲ್ಲದಿದ್ದರೆ ಪಕ್ಕದ ರೂಮಿನ ಲೈಟ್ ಹೋಗುತ್ತದೆ.

ವೈರಿನ ತುದಿ ಕಪ್ಪಾಗಿದೆಯಾ? ಇನ್ಸುಲೇಷನ್ ಮುಟ್ಟಿದರೆ ಪುಡಿಯಾಗುತ್ತಿದೆಯಾ? ತಾಮ್ರದ ಬದಲು ಬೆಳ್ಳಗಿನ ಅಲ್ಯೂಮಿನಿಯಂ ಇದೆಯಾ? ಹೆಂಚಿನ ಮನೆಗಳಲ್ಲಿ ಮರದ ಪಟ್ಟಿ ಮೇಲೆ ಓಡಿಸಿದ ಬಟ್ಟೆ ಸುತ್ತಿದ ಹಳೆ ವೈರಾ? ಮಳೆಗಾಲದಲ್ಲಿ ಸೀಲಿಂಗ್ ಜಿನುಗಿ ಬಾಕ್ಸ್ ಒಳಗೆ ತೇವ ಇದೆಯಾ? ಇದರಲ್ಲಿ ಒಂದಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೆಟ್ಟಿರುವುದು ಲೈಟ್ ಅಲ್ಲ, ವೈರಿಂಗ್.

ಹಂತ 4: ಬಣ್ಣ ನೋಡಿ ಮೋಸಹೋಗಬೇಡಿ

ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್ ಬಣ್ಣಗಳು. ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಹೊಸ ಲೈಟಿನಿಂದ ಹೊರಬರುವ ವೈರುಗಳು ಎಷ್ಟೋ ಸಲ ಬೇರೆ ಪದ್ಧತಿಯವು. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದ್ದು ಅರ್ಥ್. ಈಗ ಯೋಚಿಸಿ. ಮೂರು ಫೇಸ್ ಇರುವ ಮನೆಯಲ್ಲಿ ಸೀಲಿಂಗಿನಿಂದ ಇಳಿದ ನೀಲಿ ವೈರ್ ಫೇಸ್ ಆಗಿರಬಹುದು. ಲೈಟಿನ ನೀಲಿ ನ್ಯೂಟ್ರಲ್. ನೀಲಿಗೆ ನೀಲಿ ಸೇರಿಸಿದರೆ ಲೈಟೇನೋ ಉರಿಯುತ್ತದೆ, ಆದರೆ ತಿರುಪಿನ ಹೋಲ್ಡರ್ ಆಗಿದ್ದರೆ ಅದರ ಹೊರಗಿನ ಲೋಹದ ಸುತ್ತಿಗೇ ಫೇಸ್ ಬಂದಿರುತ್ತದೆ. ಮುಂದೆ ಬಲ್ಬ್ ಬದಲಿಸುವವರ ಬೆರಳು ಅಲ್ಲಿಗೇ ತಾಗುವುದು. ತಿರುಪಿನ ಹೋಲ್ಡರ್‌ನಲ್ಲಿ ಫೇಸ್ ನಡುವಿನ ಚುಕ್ಕೆಗೆ, ನ್ಯೂಟ್ರಲ್ ಸುತ್ತಿನ ತಿರುಪಿಗೆ. ನಮ್ಮ ಮಾಮೂಲಿ ಪಿನ್ ಹೋಲ್ಡರ್‌ನಲ್ಲಿ ಈ ಭೇದ ಇಲ್ಲ.

ಮನೆಯ ವೈರಿನ ಬಣ್ಣವನ್ನು ಸೂಚನೆ ಅಂತ ತಗೊಳ್ಳಿ, ಪುರಾವೆ ಅಂತ ಅಲ್ಲ. ಕೆಂಪು ಮುಗಿದಿತ್ತು ಅಂತ ಎರಡೂ ಕಪ್ಪು ವೈರ್ ಎಳೆದ ಮನೆಗಳಿವೆ. ಯಾವುದು ಫೇಸ್ ಅಂತ ಗೊತ್ತಾಗದಿದ್ದರೆ ಅದನ್ನು ಕಂಡುಹಿಡಿಯಲು ತೆರೆದ ವೈರಿಗೆ ಕರೆಂಟ್ ಕೊಟ್ಟು ನೋಡುವ ಸಾಹಸ ಬೇಡ. ತುದಿಗಳನ್ನು ಬೇರೆ ಬೇರೆ ಕನೆಕ್ಟರ್ ಒಳಗೆ ಕೂರಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೇ ಬಿಡಿ.

ಹಂತ 5: ಲೈಟ್ ಕೂರಲು ಜಾಗ ಮಾಡಿ

ಹಳೆ ಸ್ಕ್ರೂ ತೂತುಗಳಿಗೇ ಹೊಸ ಪಟ್ಟಿ ಹೊಂದಿದರೆ ಅದೃಷ್ಟ. ಇಲ್ಲದಿದ್ದರೆ ಆರ್‌ಸಿಸಿ ಸೀಲಿಂಗಿಗೆ ಡ್ರಿಲ್ ಹಾಕಿ, ತೂತಿನೊಳಗೆ ಪ್ಲಾಸ್ಟಿಕ್ ಬೆಣೆ ಹೊಡೆದು ಸ್ಕ್ರೂ ಬಿಗಿಯಬೇಕು. ಕಾಂಕ್ರೀಟ್ ಒಳಗೆ ವೈರಿನ ಪೈಪ್ ಹೋಗಿರುತ್ತದೆ. ಅದು ಬಾಕ್ಸಿಗೆ ಯಾವ ಕಡೆಯಿಂದ ಬಂದಿದೆ ಅಂತ ಟಾರ್ಚ್ ಬಿಟ್ಟು ನೋಡಿ, ಆ ದಿಕ್ಕಿನಲ್ಲಿ ಡ್ರಿಲ್ ಮಾಡಬೇಡಿ.

ಜನ ಎಡವುವುದು ಇಲ್ಲೇ. ಡ್ರಿಲ್‌ಗೆ ಕರೆಂಟ್ ಬೇಕು ಅಂತ ಮೇನ್ ಏರಿಸುತ್ತಾರೆ, ಅದರ ಜೊತೆ ಲೈಟಿನ ಎಂಸಿಬಿಯೂ ಏರಿಬಿಡುತ್ತದೆ, ತಲೆ ಮೇಲೆ ತೆರೆದ ವೈರ್ ನೇತಾಡುತ್ತಿರುತ್ತದೆ. ಬ್ಯಾಟರಿ ಡ್ರಿಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ವೈರಿನ ತುದಿಯನ್ನೂ ಕನೆಕ್ಟರ್ ಒಳಗೆ ಮುಚ್ಚಿ, ಲೈಟ್ ಎಂಸಿಬಿ ಇಳಿಸಿಯೇ ಇಟ್ಟು, ಇನ್ವರ್ಟರ್ ಪ್ಲಗ್ ಹೊರಗೇ ಇಟ್ಟು, ಮೇನ್ ಮಾತ್ರ ಏರಿಸಿ. ಡ್ರಿಲ್ ಮುಗಿದ ಮೇಲೆ ಮೇನ್ ಇಳಿಸುವ ಮೊದಲು 2ನೇ ಹಂತವನ್ನು ಪೂರ್ತಿ ಮತ್ತೆ ಮಾಡಿ.

ಜಿಪ್ಸಮ್ ಫಾಲ್ಸ್ ಸೀಲಿಂಗ್ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಇರುವ ಹಗುರ ಪ್ಯಾನೆಲ್ ಓಕೆ. ತೂಗುದೀಪವಾದರೆ ಮೇಲಿನ ಕಾಂಕ್ರೀಟಿಗೇ ಕೊಕ್ಕೆ ಹಾಕಿಸಿ. ಯಾವ ಲೈಟಿನ ಭಾರವೂ ವೈರಿನ ಮೇಲೆ ಬೀಳಬಾರದು.

ಹಂತ 6: ವೈರ್ ಜೋಡಿಸಿ

ಎಲ್‌ಇಡಿ ಪ್ಯಾನೆಲ್ ಜೊತೆ ಡ್ರೈವರ್ ಅಂತ ಒಂದು ಸಣ್ಣ ಡಬ್ಬಿ ಬರುತ್ತದೆ. ಮನೆಯ 230 ವೋಲ್ಟನ್ನು ಎಲ್‌ಇಡಿಗೆ ಬೇಕಾದ ಡಿಸಿಗೆ ಇಳಿಸುವುದು ಅದೇ. ಮನೆಯ ವೈರ್ ಹೋಗಬೇಕಾದ್ದು ಡ್ರೈವರಿನ ಇನ್‌ಪುಟ್ ಅಂತ ಬರೆದ ಕಡೆಗೆ. ಪ್ಯಾನೆಲ್ಲಿಗೆ ನೇರ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಡ್ರೈವರನ್ನೂ ಪ್ಯಾನೆಲ್ಲನ್ನೂ ಮೊದಲೇ ಸೇರಿಸಿಟ್ಟುಕೊಳ್ಳಿ.

ವೈರಿನ ತುದಿಯನ್ನು ಸುಮಾರು 1 ಸೆಂ.ಮೀ. ಸುಲಿಯಿರಿ. ಲಿವರ್ ಕನೆಕ್ಟರ್ ಆದರೆ ಎಷ್ಟು ಸುಲಿಯಬೇಕು ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ಹಲ್ಲಿನಲ್ಲಿ ಕಚ್ಚಿ ಸುಲಿಯಬೇಡಿ. ಎಳೆಗಳು ತುಂಡಾಗುತ್ತವೆ, ಉಳಿದ ನಾಲ್ಕೈದು ಎಳೆಯ ಮೇಲೇ ಎಲ್ಲ ಹೊರೆ ಬೀಳುತ್ತದೆ. ಎಳೆಗಳನ್ನು ಬೆರಳಲ್ಲಿ ಹೊಸೆದು ಒಂದು ಮಾಡಿ, ಕನೆಕ್ಟರಿಗೆ ಹಾಕಿ, ಸ್ಕ್ರೂ ಬಿಗಿಯಿರಿ. ಸ್ಕ್ರೂ ತಾಮ್ರವನ್ನು ಹಿಡಿದಿರಬೇಕು, ಪ್ಲಾಸ್ಟಿಕ್ಕನ್ನಲ್ಲ. ಹಾಗೆಯೇ ಕನೆಕ್ಟರಿನ ಹೊರಗೆ ಒಂದು ಎಳೆ ತಾಮ್ರವೂ ಕಾಣಬಾರದು. ಆಮೇಲೆ ಪ್ರತಿ ವೈರನ್ನೂ ಒಂದೊಂದಾಗಿ ಸ್ವಲ್ಪ ಜೋರಾಗಿ ಎಳೆದು ನೋಡಿ. ಕಳಚಿ ಬಂದರೆ ಈಗಲೇ ಬರಲಿ.

ವೈರ್ ತಿರುಚಿ ಟೇಪ್ ಸುತ್ತುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ಬೇಸಿಗೆಯಲ್ಲಿ ಸೀಲಿಂಗ್ ಕಾದು ಟೇಪಿನ ಗೋಂದು ಕರಗುತ್ತದೆ, ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಲವೇ ರೂಪಾಯಿಯ ಕನೆಕ್ಟರ್‌ಗೆ ಜಿಪುಣತನ ಬೇಡ.

ಅರ್ಥ್ ಇದ್ದರೆ ಅದನ್ನೇ ಮೊದಲು ಜೋಡಿಸಿ, ಆಮೇಲೆ ನ್ಯೂಟ್ರಲ್, ಕೊನೆಗೆ ಫೇಸ್. ಮನೆಯ ಅರ್ಥ್ ವೈರ್ ಇದ್ದು ಲೈಟಿಗೆ ಅದರ ಟರ್ಮಿನಲ್ ಇಲ್ಲದಿದ್ದರೆ ಕತ್ತರಿಸಬೇಡಿ, ಕನೆಕ್ಟರ್ ಹಾಕಿ ಒಳಗೇ ಮಡಚಿಡಿ. ಅರ್ಥ್ ಇಲ್ಲ ಅಂತ ಲೈಟಿನ ಹಸಿರು ವೈರನ್ನು ನ್ಯೂಟ್ರಲ್‌ಗೆ ಸೇರಿಸುವುದು ಮಾತ್ರ ಎಂದೂ ಬೇಡ. ಮುಂದೆ ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಲೈಟಿನ ಇಡೀ ಲೋಹದ ಮೈಗೆ ಫೇಸ್ ಬರುತ್ತದೆ.

ಹಳೆ ಬಲ್ಬಿಗೆ ಡಿಮ್ಮರ್ ಇತ್ತಾ? ಹೊಸ ಲೈಟ್ ಡಬ್ಬದ ಮೇಲೆ ಡಿಮ್ಮರಿಗೆ ಆಗುತ್ತದೆ ಅಂತ ಬರೆದಿಲ್ಲದಿದ್ದರೆ ಅದನ್ನು ಮೊದಲು ತೆಗೆಸಿ.

ಹಂತ 7: ಕರೆಂಟ್ ಕೊಡಿ

ವೈರ್ ಎಲ್ಲೂ ಸಿಕ್ಕಿ ಜಜ್ಜದಂತೆ ಮಡಚಿ ಲೈಟ್ ಕೂರಿಸಿ, ಏಣಿಯಿಂದ ಇಳಿದು ಬನ್ನಿ. ಗೋಡೆ ಸ್ವಿಚ್ ಆಫ್ ಇರಲಿ. ಮೇನ್ ಏರಿಸಿ, ಆಮೇಲೆ ಎಂಸಿಬಿ, ಆಮೇಲೆ ಸ್ವಿಚ್. ಎಲ್ಲ ಸರಿ ಇದ್ದರೆ ಕೊನೆಗೆ ಇನ್ವರ್ಟರ್ ಪ್ಲಗ್ ಹಾಕಿ ಆನ್ ಮಾಡಿ. ಇದನ್ನು ಮರೆತರೆ ಮುಂದಿನ ಸಲ ಕರೆಂಟ್ ಹೋದಾಗಲೇ ನೆನಪಾಗುವುದು.

ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಎಲ್ಲೋ ತಾಗಿವೆ. ಆರ್‌ಸಿಸಿಬಿ ಬಿದ್ದರೆ ಲೋಹದ ಮೈಗೋ ಅರ್ಥ್‌ಗೋ ಒಂದು ವೈರ್ ತಗುಲಿದೆ. ಎರಡರಲ್ಲೂ ಮತ್ತೆ ಮತ್ತೆ ಏರಿಸಿ ನೋಡಬೇಡಿ, 1ನೇ ಹಂತದಿಂದ ಶುರು ಮಾಡಿ ಬಿಚ್ಚಿ ನೋಡಿ. ಲೈಟ್ ಮಿನುಗಿದರೆ, ಚಟಚಟ ಸದ್ದು ಬಂದರೆ, ಸುಟ್ಟ ವಾಸನೆ ಬಂದರೆ ಕನೆಕ್ಟರ್ ಸಡಿಲ ಇದೆ ಅಂತ. ಆಗಲೂ ತಕ್ಷಣ ಆಫ್ ಮಾಡಿ. ಆಫ್ ಮಾಡಿದ ಮೇಲೂ ಮಿಣುಕು ಬೆಳಕು ಉಳಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿರಬಹುದು, ಅಥವಾ ಸ್ವಿಚ್ಚಿನ ಸಣ್ಣ ಕೆಂಪು ಇಂಡಿಕೇಟರ್ ಮೂಲಕ ಸ್ವಲ್ಪ ಕರೆಂಟ್ ಹೋಗುತ್ತಿರಬಹುದು. ಎರಡನೆಯದು ತೊಂದರೆಯಲ್ಲ. ಮೊದಲನೆಯದಾದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಬೋರ್ಡಿನಲ್ಲಿ ಸರಿ ಮಾಡಿಸಿ.

ಏಣಿ ಹಿಡಿದವರಿಗೆ ಕೆಲಸ ಶುರುವಾಗುವ ಮೊದಲೇ ಇಷ್ಟು ಹೇಳಿಡಿ. ಶಾಕ್ ಹೊಡೆದವರನ್ನು ಕೈಯಿಂದ ಮುಟ್ಟಬಾರದು. ಮೊದಲು ಮೇನ್ ಆಫ್, ಇನ್ವರ್ಟರ್ ಆಫ್. ಅದು ತಕ್ಷಣಕ್ಕೆ ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ಸರಿಸಬೇಕು. ಆಮೇಲೆ 108ಕ್ಕೆ ಫೋನ್. ಎದ್ದು ಕೂತು ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೃದಯ ಪರೀಕ್ಷೆ ಮಾಡಿಸಿ. ಕಂಬದಿಂದ ಮೀಟರ್‌ವರೆಗಿನ ಸಾಲಿನಲ್ಲಿ ಕಿಡಿ, ತುಂಡಾದ ವೈರ್ ಕಂಡರೆ ಅದು ನಿಮ್ಮ ಕೆಲಸವೂ ಅಲ್ಲ, ನಿಮ್ಮ ಎಲೆಕ್ಟ್ರಿಷಿಯನ್ ಕೆಲಸವೂ ಅಲ್ಲ. ಎಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.